ಅಕ್ಕನ ಕಾರ್ಡಿನ ಬಗ್ಗೆ ಅಪ್ಪನ ಮೇಲೊಂದು ದೂರು

ಸ್ವರ್ಗದಲ್ಲಿ ಆರಾಮಾಗಿರುವ ಪಿಚ್ಚೈ ಅಪ್ಪನವರ ಸಮ್ಮುಖಕ್ಕೆ ಮಗ ಲೋಗೇಶ್ ಸಲ್ಲಿಸುವ ದೂರು.

ಇವತ್ತು ಕಲೈಸೆಲ್ವಿ ಅಕ್ಕನ ಜೊತೆ ತೇನಿಯ ಉದ್ಯೋಗ ವಿನಿಮಯ ಕಚೇರಿಗೆ ಹೋಗಿದ್ದೆ. ಟೀಚರ್ ಟ್ರೈನಿಂಗ್ ಮುಗಿಸಿ ತೊಂಬತ್ತೆರಡರಲ್ಲಿ ಹೆಸರು ಬರೆಸಿದವಳು, ಆರು ವರ್ಷಕ್ಕಾದರೂ ಸರದಿ ಬಂದಿರಬಹುದೆಂದು ಹೊಸ ಸೀರೆ ಉಟ್ಟಿದ್ದಳು. ಗುಮಾಸ್ತ ಅವಳ ನೋಂದಣಿ ಕಾರ್ಡು ತಿರುಗಿಸಿ ನೋಡಿದ. “ಮೂರು ವರ್ಷಕ್ಕೊಂದ್ಸಲ ರಿನ್ಯೂವಲ್ ಮಾಡಿಸ್ಬೇಕಲ್ಲಮ್ಮಾ? ತೊಂಬತ್ತೈದರಲ್ಲೇ ರದ್ದಾಗೈತೆ. ಹೊಸದಾಗಿ ಬರೆಸು, ಸರದಿ ಕೊನೇಲಿ ನಿಲ್ಲು.”

ಕೊಡೈಕಾನಲ್ಲಿನ ಖಾಸಗಿ ಶಾಲೆಯಲ್ಲಿ ದುಡಿಯುತ್ತಿದ್ದ ಅಕ್ಕ ಈ ರಿನ್ಯೂವಲ್ ಕೆಲಸವನ್ನು ನಿನಗೆ ಒಪ್ಪಿಸಿದ್ದಳು. ನೀನೋ ಕಾರ್ಡಿಗೆ ಕುಂಕುಮ ಹಚ್ಚಿ, ಶಿವರಾತ್ರಿಗೆ ಮಾತ್ರ ತೆರೆಯುವ ಕುಲದೇವರ ಪೆಟ್ಟಿಗೆಯಲ್ಲಿಟ್ಟೆ! ದೇವರೇನು ಬಸ್ಸು ಹತ್ತಿ ತೇನಿಗೆ ಹೋಗಿ ಸೀಲು ಹಾಕಿಸಿಕೊಂಡು ಬರುತ್ತಾನೆಯೇ?

ವಾಪಸು ಬಸ್ಸಿನಲ್ಲಿ ಬರುವಾಗ ಅಕ್ಕ ಕೇಳಿದಳು: “ಅಪ್ಪಂಗೆ ಓದಾಕೆ ಬರಲ್ಲ, ಸರಿ. ತಾರೀಕು ಯಾವಾಗಂತ ಯಾರನ್ನೂ ಕೇಳ್ಲಿಲ್ವೇನೋ, ತಂಬಿ?” ನಾನು ಕಿಟಕಿಯಾಚೆ ದ್ರಾಕ್ಷಿ ತೋಟ ನೋಡುತ್ತ ಕೂತೆ.

ಕೇಳಿದ್ದೆಯಪ್ಪಾ. ನೀನು ನನ್ನನ್ನೇ ಕೇಳಿದ್ದೆ. “ಕಲಿಯುಗ ಮುಗಿಯೋಗಂಟ ನಡೀತೈತೆ ಅಂತ ಇಂಗ್ಲಿಷಲ್ಲಿ ಬರೆದವ್ರೆ” ಎಂದು ನಾನೇ ತಮಾಷೆಗೆ ಹುಬ್ಬು ಗಂಟಿಕ್ಕಿ, ಓದಿದವನಂತೆ ಹೇಳಿದ್ದೆ. ನಮ್ಮೂರು ಹನುಮಂತನಪಟ್ಟಿಯಲ್ಲಿ ನಾಯಿ ಕೂಡ ನನ್ನ ಮಾತು ನಂಬುತ್ತಿರಲಿಲ್ಲ. ನೀನ್ಯಾಕೆ ನಂಬಿದೆ?