ಚಳಿಗೆ ಗಟ್ಟಿಯಾದ ತೆಂಗಿನೆಣ್ಣೆ

ಪೋಖರಾ, ನೇಪಾಳ

ಬೆಳಂಬಾರದ ಅಕ್ಕನಿಗೆ,

ಕೆಟ್ಟ ಕನಸು ಬಿತ್ತು. ಮುಂದಿನ ತಿಂಗಳು ನೀನು ಇಲ್ಲಿಗೆ ಹೊರಟಾಗ ವಿಮಾನದ ಬಾಗಿಲಲ್ಲಿ ನಿನ್ನೊಬ್ಬಳನ್ನೇ ತಿರುಗಿ ಕಳಿಸಿದ ಹಾಗೆ. ಎದ್ದು ತಲೆಗೆ ಹಚ್ಚಲು ಹೋದರೆ, ಮನೆಯಿಂದ ತಂದ ತೆಂಗಿನೆಣ್ಣೆ ಬಾಟಲಿಯೊಳಗೆ ಮೇಣದಂತೆ ಬೆಳ್ಳಗೆ ಗಟ್ಟಿಯಾಗಿತ್ತು. ಕೆಟ್ಟಿತೆಂದು ಎಸೆಯುವವನಿದ್ದೆ. ನಮ್ಮ ಜೊತೆ ಬಂದ ಕಿನ್ನರ ಊರಿನ ಹೀರಾಬಾಯಿ ನಕ್ಕು, "ಹಾಳಾಗ್ಲಿಲ್ಲ ಮಾರಾಯಾ, ಅದ್ಕೂ ಚಳಿ ಆಗೂದಿಲ್ವಾ? ಬಗಲಲ್ಲಿ ಇಟ್ಕೋ" ಎಂದಳು. ನೀನು ಅಗಲ ಬಾಯಿಯ ಡಬ್ಬಿಯಲ್ಲಿ ತಾ, ಬೆರಳಲ್ಲಿ ತೆಗೆಯಬಹುದು. ಬಟ್ಟೆ ಒಣಗಿಸಲು ಹಗ್ಗವೂ ಇರಲಿ. ಉಣ್ಣೆ ಟೊಪ್ಪಿ ಅಲ್ಲಿ ಕೊಳ್ಳಬೇಡ, ಇಲ್ಲಿ ಅಗ್ಗ. ನನ್ನ ಕೆಮ್ಮು ಕಡಿಮೆಯಾಗಿದೆ. ಬೆಳಿಗ್ಗೆ ಹಿಮದ ಬೆಟ್ಟ ಕೆಂಪಗೆ ಕಾಣುತ್ತದೆ, ನೀನೂ ನೋಡುತ್ತೀಯ.

ಕಾಗದದಲ್ಲಿ ಜಾಗ ಮುಗಿಯಿತು.
ತಮ್ಮ ಗಿರಿಧರ

ನೇಪಾಳದ ವಿಮಾನಕ್ಕೆ ನಿನ್ನ ಆಧಾರ ಕಾರ್ಡು ಸಾಲದು. ವೋಟರ್ ಕಾರ್ಡು ಚೀಲದಲ್ಲಿದೆಯೋ, ಇನ್ನೊಮ್ಮೆ ಕೈ ಹಾಕಿ ನೋಡು.