ಪಾವಗಡಕ್ಕೆ ಬೇಕಾದ ಗಂಟಲು

ಆಗಸ್ಟ್ 3, ಬೆಳಗ್ಗೆ 6
ಮತ್ತೆ ಅಪ್ಪನ ಮಂಚದ ಕೆಳಗೆ ಕಂಬಳಿ ಹೊದ್ದು ಪ್ರಚಾರದ ರೆಕಾರ್ಡಿಂಗ್. ಬೇರೆಲ್ಲಿ ಕೂತರೂ ದನಿ ಗುಂಯ್ ಅನ್ನುತ್ತದೆ. ಮಧುಗಿರಿಯ ಎಳನೀರು ಆಟೋ, ಕೊರಟಗೆರೆಯ ಚಪ್ಪಲಿ ಸೇಲ್, ಶಿರಾದ ಬೇಕರಿ — ಮೂರು ತಾಲ್ಲೂಕಿನ ಬೀದಿಗಳಲ್ಲಿ ಮೈಕಿನಿಂದ ಗುಡುಗುವುದು ಈ ಯಶಸ್ವಿನಿಯ ಕಂಠ. ಅಂಥ ಕಂಠಕ್ಕೊಂದು ಕೋಣೆಯಿಲ್ಲ. ವಯಸ್ಸು ಮೂವತ್ತೊಂದು. ಸ್ಕೂಲಿನ ಕೆಲಸ ಬಿಟ್ಟು ಎರಡು ವರ್ಷ. ಅಪ್ಪನ ಸೂರು, ಅಮ್ಮನ ಮುದ್ದೆ. ದುಡಿದದ್ದೆಲ್ಲ ಬ್ಯಾಂಕಿಗೆ... ರೆಕಾರ್ಡಿಂಗಿಗೆ ಅಂತ ನೋಡಿಟ್ಟ, ಬಸ್ ಸ್ಟ್ಯಾಂಡ್ ಹಿಂದಿನ ರೂಮಿನ ಅಡ್ವಾನ್ಸ್‌ಗೆ.

ಅಪ್ಪ ಊರ ನಾಟಕಗಳ ಖಾಯಂ ಭೀಮ. ಮನೆಯಲ್ಲೂ ತೊಡೆ ತಟ್ಟಿಯೇ ಮಾತು.
"ಈ ತಿಂಗ್ಳು ನೋಡ್ತೀನಿ ಕಣಮ್ಮ. ರೂಮಾಗ್ಲಿಲ್ವಾ, ಒಂದ್ನೇ ತಾರೀಕಿಂದ ಮತ್ತೆ ಸ್ಕೂಲಿಗೆ. ಹೆಡ್ ಮೇಷ್ಟ್ರಿಗೆ ಹೇಳಿಟ್ಟಿದೀನಿ."
ಭೀಮನ ಪ್ರತಿಜ್ಞೆ. ಆತ ಹಿಂದೆಗೆಯುವವನಲ್ಲ. ಅವನ ಮಗಳೂ ಹಿಂದೆಗೆಯುವವಳಲ್ಲ.

ಆಗಸ್ಟ್ 9
ಪಾವಗಡದಿಂದ ಫೋನು. ಸೀರೆ ಅಂಗಡಿಯ ಮಾಲೀಕರು, ಓಬಳರಾಜು ಅಂತ. ವರ್ಷಪೂರ್ತಿ ಆರ್ಡರ್ — ಹಬ್ಬಕ್ಕೊಂದು ಪ್ರಚಾರ. ಇದೊಂದು ಸಿಕ್ಕರೆ ರೂಮು ನನ್ನದು. ಕೂಡಲೇ ಸ್ಯಾಂಪಲ್ ಮಾಡಿದೆ. ಮಂಚ ನಡುಗಿತು. ಕಳಿಸಿದೆ.

ಆಗಸ್ಟ್ 11
ಓಬಳರಾಜು ಉತ್ತರ:
"ಗಂಟ್ಲು ಭಾರಿ ಐತೆ ಮೇಡಂ. ಆದ್ರೆ ನಾವು ಸೀರೆ ಮಾರ್ತಿದೀವಾ, ಯುದ್ಧಕ್ಕೆ ಕರೀತಿದೀವಾ? ಇದ್ನ ಕೇಳಿದ್ರೆ ನಮ್ ಕಡೆ ಹೆಂಗುಸ್ರು ಬಾಗ್ಲು ಹಾಕ್ಕೊಂಬುಡ್ತಾರೆ."

ದನಿ ತಗ್ಗಿಸಿ ಹೇಳಿ ನೋಡಿದೆ. ಸತ್ತವರ ಮನೆಗೆ ಕರೆದಂತಾಯಿತು. ಮಂಚದ ಕೆಳಗೇ ಮಲಗಿಬಿಟ್ಟೆ.

ಅಮ್ಮ, ಅಂದರೆ ಅಪ್ಪನ ಇಂದ್ರಿ, ಬಗ್ಗಿ ನೋಡಿದಳು. ಪಾವಗಡದ ಪಕ್ಕದ ನಾಗಲಮಡಿಕೆಯಲ್ಲಿ ಹುಟ್ಟಿ ಬೆಳೆದವಳು. ನಾಲಿಗೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು.
"ನಮ್ಮೂರೋರ್ನ ಅಂಗೆ ಕೂಗಿದ್ರೆ ಯಾರೇ ಬರ್ತಾರೆ? ಸರ್ಕೊ."
ಕಂಬಳಿಯೊಳಗೆ ತೂರಿದಳು. ಕೈಯಲ್ಲಿ ಕಾಗದವಿಲ್ಲ. ಮೈಕನ್ನು ಬಾವಿಕಟ್ಟೆಯಲ್ಲಿ ಸಿಕ್ಕ ಗೆಳತಿಯ ಹಾಗೆ ನೋಡಿದಳು.
"ಏಮಕ್ಕಾ, ಈ ಬಿಸ್ಲಲ್ಲಿ ಎಕ್ಕಡಿಕಿ ಹೊಂಟೆ? ಇಟ್ಲಾ ರಾ, ಒಳೀಕೆ ಬಾ. ಸೀರೆ ನೋಡಾಕೆ ಕಾಸು ಕೇಳಲ್ಲ. ಹಿಡಿಸ್ನಿಲ್ವಾ, ನೀರು ಕುಡ್ದು ಹೋಗು."

ಒಂದೇ ಟೇಕ್. ಮೇಲೆ ಮಲಗಿದ್ದ ಭೀಮಸೇನ ಧಡಕ್ಕನೆ ಎದ್ದು ಕೂತ.
"ಯಾರೇ ಇಂದ್ರೀ, ನಿಮ್ಮೂರಿಂದ ಬಂದಿರೋದು?"

ಆಗಸ್ಟ್ 12
ಅಮ್ಮನ ಟೇಕನ್ನು ರಾತ್ರಿಯೇ ಪಾವಗಡಕ್ಕೆ ಕಳಿಸಿದ್ದೆ.
"ಆ ಅಮ್ಮುನ್ನೇ ಕೊಡಿ ಮೇಡಂ, ವರ್ಷಕ್ಕೂ." ಓಬಳರಾಜು ವಾಕ್ಯ.
ಗೆದ್ದೆ. ಅಲ್ಲ... ಗೆದ್ದೆವು. ಮಧ್ಯಾಹ್ನವೇ ಅಡ್ವಾನ್ಸ್ ಕಟ್ಟಿದೆ. ಬೀಗದ ಕೈ ಅಂಗೈಯಲ್ಲಿ, ಕಿರೀಟದಷ್ಟು ಭಾರ.

ಅಮ್ಮ: "ನನ್ ಕೂಲಿ?"
"ಎಷ್ಟು ಬೇಕಮ್ಮ?"
"ಮೊದ್ಲು ಆ ರೂಮಿಗೆ ಕುರ್ಚಿ ಹಾಕ್ಸು. ಇನ್ಮೇಲೆ ಮಂಚದಡಿ ತೂರಾಕೆ ನನ್ ಕೈಲಾಗಲ್ಲ."

ಆಗಸ್ಟ್ 31, ಬೆಳಗ್ಗೆ 10
ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ನನ್ನ ರೂಮಿನಲ್ಲಿ. ಊಟ, ನಿದ್ದೆ ಇನ್ನೂ ಅಪ್ಪನ ಮನೆಯಲ್ಲೇ. ಇರಲಿ, ಇನ್ನೊಂದು ವರ್ಷ. ಅಪ್ಪ ಹೊಸಿಲಿಗೆ ಒಡೆದ ಕಾಯಿಯ ಸದ್ದು ಬೆಟ್ಟಕ್ಕೂ ಕೇಳಿರಬೇಕು.
"ಹೆಡ್ ಮೇಷ್ಟ್ರಿಗೆ ಏನಂದೆ ಅಪ್ಪ?"
"ನನ್ ಮಗ್ಳು ಖಾಲಿ ಇಲ್ಲ ಅಂದೆ."
ಮೊದಲ ಸಲ, ತೊಡೆ ತಟ್ಟದೆ ಆಡಿದ ಮಾತು.

ಅಮ್ಮ ಕುರ್ಚಿಯಲ್ಲಿ ವಿರಾಜಮಾನಳು. ದಸರಾ ಸೇಲಿನ ಪ್ರಚಾರ. ಬಟನ್ ಒತ್ತಿದೆ. ಬಾಯಿ ತೆರೆದವಳು ನನ್ನ ಕಡೆ ತಿರುಗಿದಳು.
"ಲೇ ಯಶು, ನಿನ್ ಪೆನ್ನು ಕರಕರ ಅಂತೈತೆ, ಮೈಕಲ್ಲಿ ಬರ್ತದೆ. ಮಡಗು ಅತ್ಲಾಗೆ."
ಇನ್ನೊಂದೇ ಸಾಲು ಅಮ್ಮ, ಇವತ್ತು ನಾನು —