ಕಡೆಯ ಉಡಿಯ ಖಣ

ಶಿರೀಷ,

ಒಂಬತ್ತು ವರ್ಷ ನಿನಗೆ 'ರೀ' ಎಂದವಳು ಇವತ್ತು ಹೆಸರು ಹಿಡಿದು ಬರೆಯುತ್ತಿದ್ದೇನೆ. ಕಳಿಸುವುದಿಲ್ಲ. ಅಂಚೆಯವನ ನಡಿಗೆಗೂ ನೀನು ಯೋಗ್ಯನಲ್ಲ.

ಬಾಗಲಕೋಟೆಯ ಡಾಕ್ಟರು ನನ್ನ ಎಡಮೊಲೆಯ ಗಂಟು ನೋಡಿ, ಕ್ಯಾನ್ಸರಿನ ಹಾಗಿದೆ ಎಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟಿಗೆ ಹತ್ತು ದಿನವಿತ್ತು. ನಿನ್ನ ತಾಯಿಗೆ ಅಷ್ಟು ತಡೆಯಲಾಗಲಿಲ್ಲ. "ಮುತ್ತೈದಿಯಾಗೇ ಹೋಗ್ತಾಳ, ಪುಣ್ಯಾತಗಿತ್ತಿ. ಕಡೀ ಉಡಿ ತುಂಬತೇನಿ, ತೌರಮನಿಗೆ ಬಿಟ್ಟು ಬಾ" ಎಂದರು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಪಂಡಿತನಾದ ನೀನು ಖಣ, ಅಕ್ಕಿ, ತೆಂಗಿನಕಾಯಿಯ ತಟ್ಟೆ ಹಿಡಿದು ನಿಂತೆ. ಇಳಕಲ್ಲಿಗೆ ಬಿಡಲು ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತರೆ, ನೀನು ಇಳಿದು ಕರದಂಟು ಕೊಂಡೆ. ನಿನ್ನ ತಾಯಿಗೆ.

ಅದು ಕ್ಯಾನ್ಸರ್ ಆಗಿರಲಿಲ್ಲ. ಗ್ರಾನ್ಯುಲೋಮಾಟಸ್ ಮಾಸ್ಟೈಟಿಸ್ ಎಂಬ ಅಪರೂಪದ ಉರಿಯೂತ. ಏಳು ತಿಂಗಳು ಗುಳಿಗೆ ನುಂಗಿದೆ. ರಿಪೋರ್ಟು ಏನು ಬಂತೆಂದು ನೀನು ಒಮ್ಮೆಯೂ ಕೇಳಲಿಲ್ಲ.

ಇವತ್ತು ಆ ಉಡಿಯ ಖಣವನ್ನು ಕುಪ್ಪಸ ಹೊಲಿಯಲು ನಮ್ಮ ಓಣಿಯ ಚಂದವ್ವನಿಗೆ ಕೊಟ್ಟೆ. ಸಾಯುವವಳಿಗೆಂದು ಆರಿಸಿದ್ದರೂ ಬಣ್ಣ ಚೆನ್ನಾಗಿದೆ. ಚಂದವ್ವ ಎದೆಗೆ ಟೇಪು ಸುತ್ತಿ, ಎಡಗಡೆ ಕೈ ತಾಗಿದೊಡನೆ ತಡೆದು, "ನೋವಾತೇನ್ರಿ ಅಕ್ಕಾರ?" ಎಂದಳು.

ಆಗಲಿಲ್ಲ. ಅಷ್ಟು ತಿಂಗಳಲ್ಲಿ ಮೊದಲ ಸಲ, ಸ್ವಲ್ಪವೂ ನೋಯಲಿಲ್ಲ.

ಹೊರಗೆ ಬಂದವಳೇ ಆ ಸುದ್ದಿ ಹೇಳಲು ಮೊಬೈಲು ತೆಗೆದು ನಿನ್ನ ನಂಬರು ಒತ್ತಿದ್ದೆ. ರಿಂಗಾಗುವ ಮೊದಲೇ ಕಟ್ ಮಾಡಿದೆ. ನಿನ್ನ ಮೇಲಿನ ಅಸಹ್ಯದಲ್ಲಿ ಒಂದು ಪಾಲು ನಂಬರು ಒತ್ತಿದ ಈ ಬೆರಳಿಗೂ ಇರಲಿ.

ಮೃಣಾಲಿನಿ